ಉಪ್ಪಿನಕಾಯಿಯ ಜಾಡಿಗೆ ಎಷ್ಟು ಕಾವಲು?

ಶರಣಧರ್ಮದಲ್ಲಿ ನಾವು ಉಣ್ಣುವ ಅನ್ನಕ್ಕೆ ಎರಡು ಅವಸ್ಥೆಗಳಿವೆ. ಲಿಂಗಕ್ಕೆ ಅರ್ಪಿತವಾಗುವ ಮೊದಲು ಅದು ಪದಾರ್ಥ. ಅರ್ಪಿತವಾದ ಬಳಿಕ ಅದು ಪ್ರಸಾದ. ಪ್ರಸಾದವಾಗಿ ಬಂದುದನ್ನು ರುಚಿ-ಅರುಚಿಗಳನ್ನೆಣಿಸದೆ, ಕುಂದು ಹುಡುಕದೆ ಸ್ವೀಕರಿಸುವುದು ಭಕ್ತನ ನಿಷ್ಠೆ. ಪದಾರ್ಥದ ವಿಷಯದಲ್ಲಿ ಮಾತು ಬೇರೆ. ಉಣ್ಣುವವನು ಪ್ರಶ್ನಿಸದೆ ಕೈಯೊಡ್ಡುತ್ತಾನೆಂಬ ಕಾರಣದಿಂದಲೇ ಬಡಿಸುವವನು ಮೊದಲೇ ನೂರು ಬಾರಿ ಪ್ರಶ್ನಿಸಿಕೊಂಡಿರಬೇಕಾಗುತ್ತದೆ. ನೀರು ಸೋಸಿತ್ತೆ, ಪಾತ್ರೆ ಬೆಳಗಿತ್ತೆ, ಅನ್ನ ಇಳಿಸಿ ಎಷ್ಟು ಹೊತ್ತಾಯಿತು, ಜಾಡಿಯ ಬಾಯಿ ಬಿಗಿದಿತ್ತೆ ಎಂಬಿವು ಅಡುಗೆಮನೆಯ ಸಣ್ಣ ಪ್ರಶ್ನೆಗಳೆಂದು ತೋರಬಹುದು. ಪದಾರ್ಥವು ಪ್ರಸಾದವಾಗುವ ದಾರಿಯಲ್ಲಿ ಇವೇ ಮೊದಲ ಮೆಟ್ಟಿಲುಗಳು.

ಈ ಮಾತನ್ನು ಈ ತಿಂಗಳು ಎತ್ತಿಕೊಳ್ಳಲು ಕಾರಣವಿದೆ. ಭದ್ರಾವತಿಯಲ್ಲಿ ನಡೆದ ಒಂದು ಅನುಭಾವಗೋಷ್ಠಿಯ ಬಳಿಕ, ಮನೆಯಲ್ಲಿಯೇ ಉಪ್ಪಿನಕಾಯಿ, ಚಟ್ನಿ ಮಾಡಿ ಮಾರುವ ಕೆಲವು ತಾಯಂದಿರು ನಮ್ಮ ಬಳಿಗೆ ಬಂದು ಹೀಗೆ ಕೇಳಿದರು: “ಗುರುಗಳೇ, ನಾವು ಕೆಡದಂತೆ ಇಡುವ ಪುಡಿ ಏನನ್ನೂ ಹಾಕುವುದಿಲ್ಲ. ಅರಿಶಿನ, ಸಾಸಿವೆ, ಬೆಳ್ಳುಳ್ಳಿ, ಇಂಗು ಇಷ್ಟೇ. ಈಗ ಎಲ್ಲರ ಮನೆಯಲ್ಲೂ ರಕ್ತದೊತ್ತಡ. ಉಪ್ಪು ಕಡಿಮೆ ಮಾಡಿ ಎನ್ನುತ್ತಾರೆ. ಉಪ್ಪನ್ನು ಅರ್ಧಕ್ಕೆ ಇಳಿಸಿದರೆ ಉಳಿದ ಸಾಂಬಾರ ಪದಾರ್ಥಗಳೇ ಕಾಯುವುದಿಲ್ಲವೆ? ಅವೆಲ್ಲ ಔಷಧಿಗಳೇ ಅಲ್ಲವೆ?”

ಪ್ರಶ್ನೆ ಸರಳವಾಗಿದೆ. ಅನೇಕ ಮನೆಗಳಲ್ಲಿ ಇದೇ ನಂಬಿಕೆ ಬೇರೂರಿರುವುದರಿಂದ ಉತ್ತರವನ್ನು ವಿವರವಾಗಿಯೇ ಹೇಳಬೇಕಾಗಿದೆ.

ಅಡುಗೆಯನ್ನು ಶಾಸ್ತ್ರವೆಂದು ಕಂಡ ನಾಡು

ಅಡುಗೆಯ ವಿಚಾರವು ಪಂಡಿತರಿಗೆ ತಕ್ಕುದಲ್ಲವೆಂದು ಯಾರೂ ಎಣಿಸಬೇಕಾಗಿಲ್ಲ. ೧೧ನೆಯ ಶತಮಾನದಲ್ಲಿ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ನೆಲ, ನೀರು, ಗಿಡಮರಗಳ ಜತೆಗೆ ಪಾಕಕ್ಕೂ ಸ್ಥಾನವಿತ್ತನು. ೧೬ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ಕನ್ನಡದಲ್ಲಿ ರಚಿಸಿದನು. ನಮ್ಮ ಶಿವಮೊಗ್ಗ ಸೀಮೆಯನ್ನಾಳಿದ ಕೆಳದಿಯ ಅರಸರಲ್ಲಿ, ಚೆನ್ನಮ್ಮಾಜಿಯ ದತ್ತುಪುತ್ರನಾದ ಬಸವಭೂಪಾಲನು ೧೮ನೆಯ ಶತಮಾನದ ಆದಿಯಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ಬರೆದನು. ಶಿವತತ್ತ್ವ, ರಾಜನೀತಿ, ಶಿಲ್ಪ, ಸಂಗೀತಗಳನ್ನು ಹೇಳಿದ ಆ ಗ್ರಂಥವು ಪಾಕಶಾಸ್ತ್ರವನ್ನೂ ಬಿಡಲಿಲ್ಲ. ರಾಜನೊಬ್ಬನು ಸಿಂಹಾಸನದ ವಿಚಾರವನ್ನೂ ಒಲೆಯ ವಿಚಾರವನ್ನೂ ಒಂದೇ ಗ್ರಂಥದಲ್ಲಿರಿಸಿದನೆಂದರೆ, ಎರಡರಲ್ಲೂ ವಿವೇಕ ಬೇಕೆಂಬುದು ಅವನಿಗೆ ತಿಳಿದಿತ್ತೆಂದೇ ಅರ್ಥ.

ಗಿಡಗಳಿಗೆ ತಮ್ಮದೇ ಆಯುಧ

ಪ್ರಾಣಿಯು ಶತ್ರುವನ್ನು ಕಂಡರೆ ಓಡೀತು. ಗಿಡವು ನಿಂತಲ್ಲಿಯೇ ನಿಂತು ಹುಳುವನ್ನು, ಬೂಷ್ಟನ್ನು, ಕೊಳೆರೋಗವನ್ನು ಎದುರಿಸಬೇಕು. ಅದಕ್ಕಾಗಿ ಅದು ತನ್ನ ಎಲೆ, ತೊಗಟೆ, ಬೀಜ, ಗೆಡ್ಡೆಗಳಲ್ಲಿ ಖಾರವಾದ, ಒಗರಾದ, ಘಾಟಿನ ವಸ್ತುಗಳನ್ನು ತಯಾರಿಸಿಕೊಳ್ಳುತ್ತದೆ. ಅವನ್ನೇ ನಾವು ಸಾಂಬಾರ ಪದಾರ್ಥಗಳೆಂದು ಅಡುಗೆಗೆ ತಂದುಕೊಂಡಿದ್ದೇವೆ.

ಲವಂಗದ ತೈಲದಲ್ಲಿ ಮುಖ್ಯವಾಗಿರುವುದು ಯೂಜಿನಾಲ್. ವೀಳ್ಯದೆಲೆಯ ಕಂಪಿನಲ್ಲಿಯೂ ಅದರ ಪಾಲಿದೆ. ಓಮದ ಘಾಟಿಗೆ ಥೈಮಾಲ್ ಕಾರಣ. ದಾಲ್ಚಿನ್ನಿಯ ತೊಗಟೆಯಲ್ಲಿರುವುದು ಸಿನ್ನಮಾಲ್ಡಿಹೈಡ್. ಇವು ಎಣ್ಣೆಯ ಸ್ವಭಾವದವು. ಬ್ಯಾಕ್ಟೀರಿಯಾದ ದೇಹವನ್ನು ಸುತ್ತುವರಿದ ತೆಳುಪೊರೆಯೂ ಕೊಬ್ಬಿನ ಸ್ವಭಾವದ್ದೇ. ಆದುದರಿಂದ ಈ ವಸ್ತುಗಳು ಆ ಪೊರೆಯೊಳಕ್ಕೆ ಸುಲಭವಾಗಿ ನುಸುಳುತ್ತವೆ. ಪೊರೆ ಸಡಿಲಗೊಂಡು ಒಳಗಿನ ಲವಣಗಳೂ ಶಕ್ತಿಯ ದ್ರವ್ಯಗಳೂ ಹೊರಕ್ಕೆ ಸೋರುತ್ತವೆ. ಜೀವಿ ಬಳಲಿ ಬೆಳವಣಿಗೆಯನ್ನು ನಿಲ್ಲಿಸುತ್ತದೆ, ಇಲ್ಲವೆ ಸಾಯುತ್ತದೆ. ಆದರೆ ಕೆಲವು ಜಾತಿಯ ಬ್ಯಾಕ್ಟೀರಿಯಾಗಳಿಗೆ ಇದರ ಹೊರಗೆ ಇನ್ನೊಂದು ಪೊರೆಯೂ ಉಂಟು. ಅಂಥವು ಅಷ್ಟು ಬೇಗ ಬಗ್ಗುವುದಿಲ್ಲ.

ಸಾಸಿವೆ, ಬೆಳ್ಳುಳ್ಳಿಗಳದು ಇನ್ನೂ ಸೋಜಿಗದ ವಿಧಾನ. ಇಡಿಯ ಸಾಸಿವೆಯ ಕಾಳನ್ನು ಮೂಸಿದರೆ ಘಾಟಿಲ್ಲ. ಹಸಿ ಸಾಸಿವೆಯನ್ನು ಅರೆದು ನೀರು ತಗುಲಿಸಿದೊಡನೆ ಮೂಗಿಗೇರುತ್ತದೆ. ಕಾಳಿನೊಳಗೆ ಬೇರೆ ಬೇರೆಯಾಗಿ ಇರಿಸಲ್ಪಟ್ಟಿದ್ದ ಎರಡು ವಸ್ತುಗಳು, ಅಂದರೆ ಸಿನಿಗ್ರಿನ್ ಎಂಬ ಮೂಲವಸ್ತುವೂ ಅದನ್ನು ಒಡೆಯುವ ಕಿಣ್ವವೂ, ಅರೆದಾಗ ಒಂದನ್ನೊಂದು ಕೂಡುತ್ತವೆ. ಆಗ ಹುಟ್ಟುವುದೇ ಅಲೈಲ್ ಐಸೋಥಯೋಸಯನೇಟ್. ಇದರ ಆವಿಯೇ ಬೂಷ್ಟನ್ನು ತಡೆಯಬಲ್ಲದು. ಜಪಾನಿನಲ್ಲಿ ಬುತ್ತಿಯ ಡಬ್ಬಿಗಳೊಳಗೆ ಇದನ್ನು ಲೇಪಿಸಿದ ತೆಳುಹಾಳೆಗಳನ್ನಿಡುವ ರೂಢಿಯಿದೆ. ಬೆಳ್ಳುಳ್ಳಿಯಲ್ಲಿಯೂ ಹೀಗೆಯೇ. ಎಸಳನ್ನು ಜಜ್ಜಿದಾಗ ಮಾತ್ರ ಅಲಿಸಿನ್ ಎಂಬ ವಸ್ತು ಹುಟ್ಟುತ್ತದೆ. ೧೯೪೪ರಲ್ಲಿ ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಎಂಬ ರಸಾಯನಶಾಸ್ತ್ರಜ್ಞರು ಇದನ್ನು ಬೇರ್ಪಡಿಸಿ ತೋರಿಸಿದರು.

ಇಷ್ಟನ್ನು ಕೇಳಿದರೆ ಆ ತಾಯಂದಿರ ನಂಬಿಕೆ ಸರಿಯೆಂದೇ ತೋರುತ್ತದೆ. ಅದರಲ್ಲಿ ಸತ್ಯಾಂಶವೂ ಇದೆ. ಸತ್ಯಾಂಶವನ್ನು ಪೂರ್ಣಸತ್ಯವೆಂದು ತಿಳಿದಾಗಲೇ ಅಪಾಯ ಬರುವುದು.

ಅಪ್ಪೆಮಿಡಿಯ ಕೋಟೆ

ನಮ್ಮ ಮಲೆನಾಡಿನ ಅಪ್ಪೆಮಿಡಿಯ ಉಪ್ಪಿನಕಾಯಿಯನ್ನೇ ಪರೀಕ್ಷಿಸೋಣ. ಸಾಗರ, ಹೊಸನಗರ, ರಿಪ್ಪನ್‌ಪೇಟೆಗಳ ಕಡೆಯಿಂದ ಶಿವಮೊಗ್ಗದ ಪೇಟೆಗೆ ಬರುವ ಮಿಡಿ ಎಣ್ಣೆಯ ಆಸರೆಯಿಲ್ಲದೆ ವರ್ಷಗಟ್ಟಲೆ ಕೆಡದೆ ನಿಲ್ಲುವುದು ಹೇಗೆ?

ಮೊದಲು, ಮಿಡಿಯನ್ನು ತೊಟ್ಟಿನೊಡನೆಯೇ ಕೊಯ್ಯುತ್ತಾರೆ. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ. ಸೊನೆಯಲ್ಲಿ ಕಂಪೂ ಇದೆ, ಟರ್ಪೀನ್ ವರ್ಗದ ತೈಲಗಳೂ ಇವೆ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿಯನ್ನು ಸೇರಿಸುವುದಿಲ್ಲ. ಪೆಟ್ಟಾದಲ್ಲಿ ಕೊಳೆ ಹೊಗುತ್ತದೆ. ಎರಡನೆಯದಾಗಿ, ಪದರಪದರವಾಗಿ ಹರಳುಪ್ಪನ್ನು ಹಾಕಿ ದಿನಗಟ್ಟಲೆ ಇಡುತ್ತಾರೆ. ಉಪ್ಪು ಮಿಡಿಯೊಳಗಿನ ನೀರನ್ನು ಹೊರಕ್ಕೆಳೆಯುತ್ತದೆ, ಮಿಡಿ ಸುಕ್ಕುಗಟ್ಟುತ್ತದೆ. ಆ ಉಪ್ಪುನೀರಿನಲ್ಲಿ ಬಿದ್ದ ಬ್ಯಾಕ್ಟೀರಿಯಾದ ದೇಹದ ನೀರೂ ಹಾಗೆಯೇ ಹೊರಬರುತ್ತದೆ. ಮೂರನೆಯದು ಮಿಡಿಯ ಸ್ವಂತ ಹುಳಿ. ನಾಲ್ಕನೆಯದಾಗಿ, ಆ ಉಪ್ಪುನೀರನ್ನು ಕುದಿಸಿ, ಪೂರ್ಣ ಆರಿಸಿ, ಆಮೇಲೆ ಸಾಸಿವೆ, ಮೆಣಸಿನಕಾಯಿ, ಅರಿಶಿನಗಳನ್ನು ಅರೆದು ಕಲಸುತ್ತಾರೆ. ಆರಿದ ಮೇಲೆ ಕಲಸಬೇಕೆಂಬುದರಲ್ಲಿ ಅರ್ಥವಿದೆ: ಕುದಿಯುವ ನೀರಿಗೆ ಹಾಕಿದರೆ ಸಾಸಿವೆಯ ಕಿಣ್ವವು ನಾಶವಾಗಿ ಘಾಟು ಹುಟ್ಟುವುದೇ ಇಲ್ಲ. ಕೊನೆಗೆ, ತೇವವಿಲ್ಲದ ಪಿಂಗಾಣಿ ಜಾಡಿ, ಬಿಗಿದ ಬಟ್ಟೆ, ಒಣಗಿದ ಮರದ ಸೌಟು.

ತೀರ್ಥಹಳ್ಳಿಯ ಬಳಿಯ ಕವಲೇದುರ್ಗವನ್ನು ಕಂಡವರಿಗೆ ಈ ಏರ್ಪಾಟು ಸುಲಭವಾಗಿ ಅರ್ಥವಾದೀತು. ಅಲ್ಲಿ ಒಂದು ಬಾಗಿಲು ದಾಟಿದರೆ ಮುಂದೆ ಇನ್ನೊಂದು ಗೋಡೆ, ಇನ್ನೊಂದು ಬಾಗಿಲು. ಒಂದೊಂದು ಗೋಡೆಯೂ ಶತ್ರುವನ್ನು ಸ್ವಲ್ಪ ಸ್ವಲ್ಪ ದಣಿಸುತ್ತದೆ. ಆಹಾರ ವಿಜ್ಞಾನದಲ್ಲಿಯೂ ಇದೇ ತತ್ತ್ವವಿದೆ. ಜರ್ಮನಿಯ ಲೋಥರ್ ಲೈಸ್ಟ್ನರ್ ಎಂಬ ವಿಜ್ಞಾನಿಯು ಇದಕ್ಕೆ ಅಡೆತಡೆಯ ಓಟದ ಹೆಸರನ್ನಿಟ್ಟು ‘ಹರ್ಡಲ್’ ತತ್ತ್ವವೆಂದು ಕರೆದನು. ಉಪ್ಪು, ಹುಳಿ, ಒಣಗಿಸುವಿಕೆ, ಕಾವು, ತಂಪು, ಸಾಂಬಾರ ದ್ರವ್ಯ ಇವು ಒಂದೊಂದೂ ಸಾಧಾರಣ ಎತ್ತರದ ತಡೆ. ಸಾಲಾಗಿ ನಿಂತಾಗ ಸೂಕ್ಷ್ಮಜೀವಿಯು ದಾಟಲಾರದ ಕೋಟೆ.

ಈ ಕೋಟೆಯಲ್ಲಿ ಸಾಸಿವೆಯ ಪಾಲೆಷ್ಟು? ಅದರ ಘಾಟು ಹಾರಿಹೋಗುವ ಸ್ವಭಾವದ್ದು. ತಿಂಗಳು ಕಳೆದಂತೆ ಕುಗ್ಗುತ್ತದೆ. ಹಳೆಯ ಉಪ್ಪಿನಕಾಯಿಯಲ್ಲಿ ಹೊಸ ಸಾಸಿವೆಯ ಘಾಟಿರುವುದಿಲ್ಲವೆಂಬುದು ಎಲ್ಲರ ಅನುಭವ. ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಸುಲಭವಾಗಿ ಕರಗದ ವಸ್ತು. ಮೊದಲ ದಿನಗಳಲ್ಲಿ ಇವು ಬೂಷ್ಟನ್ನು ಹಿಮ್ಮೆಟ್ಟಿಸುತ್ತವೆ. ವರ್ಷಾನುಗಟ್ಟಲೆ ಬಾಗಿಲಲ್ಲಿ ನಿಂತು ಕಾಯುವವರು ಉಪ್ಪು ಮತ್ತು ಹುಳಿ.

ಭದ್ರಾವತಿಯ ಹೊಗೆ ಹೇಳುವ ಪಾಠ

ಇನ್ನೊಂದು ಹಳೆಯ ಕಾವಲುಗಾರ ಹೊಗೆ. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಉಪ್ಪಾಗೆಯ ಸಿಪ್ಪೆ ಮುಂತಾದವನ್ನು ಮಳೆಗಾಲದಲ್ಲಿ ಒಣಗಿಸುತ್ತಿದ್ದರು. ಕಾವು ತೇವವನ್ನು ಹೀರುತ್ತಿತ್ತು. ಹೊಗೆ ಬೂಷ್ಟನ್ನು ತಡೆಯುತ್ತಿತ್ತು. ಹೊಗೆಯಲ್ಲಿ ಅಂಥದ್ದೇನಿದೆಯೆಂಬುದಕ್ಕೆ ಭದ್ರಾವತಿಯವರು ದೂರ ಹೋಗಬೇಕಾಗಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಸ್ಥಾಪನೆಗೊಂಡು ೧೯೨೩ರಲ್ಲಿ ಉತ್ಪಾದನೆಯನ್ನಾರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ‘ಡಿಸ್ಟಿಲೇಷನ್’ ಎಂಬ ಶಬ್ದ ಸೇರಿತ್ತು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲವಾಗಿ, ಮಲೆನಾಡಿನ ಕಟ್ಟಿಗೆಯನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲು ಮಾಡಿ, ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುತ್ತಿದ್ದರು. ಕಟ್ಟಿಗೆಯಿಂದ ಹೊರಟ ಹೊಗೆಯನ್ನು ವ್ಯರ್ಥ ಬಿಡದೆ ತಂಪುಗೊಳಿಸಿದಾಗ ಅಸಿಟಿಕ್ ಆಮ್ಲದ ಲವಣ, ಮರದ ಮದ್ಯಸಾರ, ಡಾಂಬರು ದೊರೆಯುತ್ತಿದ್ದವು.

ಅಸಿಟಿಕ್ ಆಮ್ಲವೆಂದರೆ ವಿನೆಗರ್‌ನ ಹುಳಿ. ಅದು ಆಹಾರವನ್ನು ಕಾಯುತ್ತದೆ. ಹೊಗೆಯಲ್ಲಿರುವ ಫೀನಾಲ್ ಜಾತಿಯ ವಸ್ತುಗಳೂ ಹಾಗೆಯೇ. ಮರದ ಮದ್ಯಸಾರವಾದ ಮೆಥನಾಲ್ ಮಾತ್ರ ಕಣ್ಣನ್ನೂ ಪ್ರಾಣವನ್ನೂ ತೆಗೆಯುವ ವಿಷ. ಡಾಂಬರಿನಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುಗಳುಂಟು. ಒಂದೇ ಮರ, ಒಂದೇ ಬೆಂಕಿ, ಒಂದೇ ಹೊಗೆ. ಅದರೊಳಗೆ ರಕ್ಷಕನೂ ಇದ್ದಾನೆ, ಭಕ್ಷಕನೂ ಇದ್ದಾನೆ. ಮರದಿಂದ ಬಂದುದೆಂಬ ಮಾತ್ರಕ್ಕೆ ಯಾವುದೂ ಸಾಧುವಾಗುವುದಿಲ್ಲ.

ಬೆಳ್ಳುಳ್ಳಿಯೂ ಸೋತ ಕಡೆ

೧೯೮೫ರಲ್ಲಿ ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ಒಂದು ಹೋಟೆಲಿನಲ್ಲಿ ಉಂಡ ೩೬ ಜನರು ಬಾಟುಲಿಸಂ ಎಂಬ ಘೋರ ವಿಷಬಾಧೆಗೆ ಗುರಿಯಾದರು. ಕಣ್ಣು ಮಂಜಾಗುವುದು, ರೆಪ್ಪೆ ಜೋಲುವುದು, ನುಂಗಲಾಗದಿರುವುದು, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಲ್ಲುವುದು ಇದರ ಲಕ್ಷಣ. ಕಾರಣವನ್ನು ಹುಡುಕಿದಾಗ ಸಿಕ್ಕಿದ್ದು ಕತ್ತರಿಸಿ ಸೋಯಾ ಎಣ್ಣೆಯಲ್ಲಿ ಮುಳುಗಿಸಿಟ್ಟ ಬೆಳ್ಳುಳ್ಳಿ. ೧೯೮೯ರಲ್ಲಿ ನ್ಯೂಯಾರ್ಕ್ ಸೀಮೆಯ ಕಿಂಗ್‌ಸ್ಟನ್‌ನಲ್ಲಿಯೂ ಇಂಥದ್ದೇ ಘಟನೆ ನಡೆದ ಬಳಿಕ, ಅಮೆರಿಕದ ಸರ್ಕಾರವು ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಗೆ ಹುಳಿಯನ್ನು ಸೇರಿಸಲೇಬೇಕೆಂದು ವಿಧಿಸಿತು.

ಸೂಕ್ಷ್ಮಜೀವಿಗಳನ್ನು ಕೊಲ್ಲುವ ಬೆಳ್ಳುಳ್ಳಿಯೇ ಸೂಕ್ಷ್ಮಜೀವಿಯ ಮನೆಯಾದುದು ಹೇಗೆ? ಬೆಳ್ಳುಳ್ಳಿ ಮಣ್ಣಿನೊಳಗೆ ಬೆಳೆಯುವ ಗೆಡ್ಡೆ. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ಗಟ್ಟಿ ಕವಚದ ಈ ಬೀಜಾಣುಗಳನ್ನು ಅಲಿಸಿನ್ ಕೊಲ್ಲಲಾರದು. ಅಲಿಸಿನ್ ತಾನೇ ಬೇಗ ಒಡೆದುಹೋಗುವ ವಸ್ತು. ಮೇಲೆ ಎಣ್ಣೆ ಗಾಳಿಯನ್ನು ತಡೆದಿದೆ. ಈ ಬ್ಯಾಕ್ಟೀರಿಯಾಕ್ಕೆ ಬೇಕಾದುದೂ ಗಾಳಿಯಿಲ್ಲದ ತಾವೇ. ಹುಳಿಯಿಲ್ಲ, ಉಪ್ಪಿಲ್ಲ, ತಂಪಿಲ್ಲ. ಉಳಿದ ಕಾವಲುಗಾರರೆಲ್ಲ ರಜೆಯ ಮೇಲೆ ಹೋದಾಗ ಒಬ್ಬನೇ ಏನು ಮಾಡಿಯಾನು? ಇದರಲ್ಲಿ ಇನ್ನೊಂದು ಕೇಡೆಂದರೆ, ಇಂಥ ಆಹಾರಕ್ಕೆ ಕೆಟ್ಟ ವಾಸನೆ, ಕೆಟ್ಟ ರುಚಿ ಇರಲೇಬೇಕೆಂಬ ನಿಯಮವಿಲ್ಲ. ಮೂಸಿ ನೋಡಿ ನಂಬುವಂತಿಲ್ಲ.

ಈ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯುವ ಗೆರೆಯನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಹುಳಿಯನ್ನು ಅಳೆಯುವ ಪಿ.ಎಚ್. ಮಾನವು ೪.೬ ಅಥವಾ ಅದಕ್ಕಿಂತ ಕೆಳಗಿದ್ದರೆ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಅದು ಬೆಳೆಯದು. ನೀರಿನ ಅಂಶದಲ್ಲಿ ಉಪ್ಪು ಸುಮಾರು ನೂರಕ್ಕೆ ೧೦ರಷ್ಟಿದ್ದರೂ ಬೆಳೆಯದು. ಉಪ್ಪು, ನಿಂಬೆರಸ ಬೆರೆತ ಬೆಳ್ಳುಳ್ಳಿ ಉಪ್ಪಿನಕಾಯಿ ಆ ಗೆರೆಯ ಆಚೆ ಸುರಕ್ಷಿತವಾಗಿತ್ತು. ರೊಟ್ಟಿಯ ಜತೆಯ ಒಣ ಚಟ್ನಿಪುಡಿ ನೀರೇ ಇಲ್ಲದೆ ಉಳಿದಿತ್ತು. ಉಪ್ಪು-ಹುಳಿಗಳೆರಡನ್ನೂ ಇಳಿಸಿ ಎಣ್ಣೆ ಮಾತ್ರ ಉಳಿಸಿದ ಹಸಿ ಬೆಳ್ಳುಳ್ಳಿಯ ಚಟ್ನಿಯನ್ನು ತಿಂಗಳುಗಟ್ಟಲೆ ಹೊರಗಿಡುವುದು ವ್ಯಾಂಕೂವರಿನ ದಾರಿ.

ಇದೇ ಸಂದರ್ಭದಲ್ಲಿ ಎಳೆಯ ತಾಯಂದಿರಿಗೆ ಒಂದು ಮಾತು. ಹುಟ್ಟಿದ ಕೂಸಿನ ನಾಲಗೆಗೆ ಜೇನನ್ನು ಮುಟ್ಟಿಸುವ ವಾಡಿಕೆ ಹಲವು ಮನೆಗಳಲ್ಲಿದೆ. ಜೇನು ತಾನು ಕೆಡದ ವಸ್ತು ನಿಜ. ಆದರೆ ಅದರಲ್ಲಿ ಈ ಬೀಜಾಣುಗಳು ನಿದ್ರಿಸುತ್ತ ಉಳಿದಿರಬಲ್ಲವು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯುವುದಿಲ್ಲ. ಎಳೆಯ ಕೂಸಿನ ಕರುಳಿನಲ್ಲಿ ಮೊಳೆತಾವು. ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನನ್ನು ಕೊಡಬಾರದೆಂಬುದು ವೈದ್ಯರ ಸರ್ವಸಮ್ಮತ ಮಾತು. ಲಿಂಗಧಾರಣೆಯ ಸಂಸ್ಕಾರಕ್ಕೆ ಇದರಿಂದ ಯಾವ ಕೊರತೆಯೂ ಬರುವುದಿಲ್ಲ.

ಕೊಳವೆಯಲ್ಲಿ ಗೆದ್ದುದು ಪಾತ್ರೆಯಲ್ಲಿ ಗೆಲ್ಲದು

ಪತ್ರಿಕೆಗಳಲ್ಲಿ ಆಗಾಗ “ಲವಂಗದಿಂದ ಇಂತಿಂಥ ರೋಗಾಣು ನಾಶ” ಎಂಬ ವಾರ್ತೆಗಳು ಬರುತ್ತವೆ. ಅವು ಸುಳ್ಳಲ್ಲ. ಪ್ರಯೋಗಾಲಯದ ಕೊಳವೆಯಲ್ಲಿ ಶುದ್ಧ ತೈಲವನ್ನು ಬ್ಯಾಕ್ಟೀರಿಯಾದ ಮೇಲೆ ಹಾಕಿ ಕಂಡ ಫಲವದು. ಅಡುಗೆಯ ಪಾತ್ರೆಯಲ್ಲಿ ಬೇಳೆಯ ಸಾರವಿದೆ, ಕೊಬ್ಬಿದೆ, ಹಿಟ್ಟಿದೆ. ಎಣ್ಣೆಯ ಸ್ವಭಾವದ ಈ ದ್ರವ್ಯಗಳನ್ನು ಕೊಬ್ಬು ಹೀರಿಕೊಳ್ಳುತ್ತದೆ, ಸಾರಾಂಶಗಳು ಹಿಡಿದಿಟ್ಟುಕೊಳ್ಳುತ್ತವೆ. ಆದುದರಿಂದ ಕೊಳವೆಯಲ್ಲಿ ಸಾಕಾದ ಪ್ರಮಾಣಕ್ಕಿಂತ ಎಷ್ಟೋ ಪಾಲು ಹೆಚ್ಚು ಬೇಕು. ಅಷ್ಟು ಲವಂಗ ಹಾಕಿದ ಸಾರನ್ನು ಯಾರೂ ಉಣ್ಣಲಾರರು.

೧೯೯೮ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬಿಲ್ಲಿಂಗ್ ಮತ್ತು ಶೆರ್ಮನ್ ಎಂಬಿಬ್ಬರು ೩೬ ದೇಶಗಳ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಅಡುಗೆಯ ಕ್ರಮಗಳನ್ನು ಎಣಿಸಿ, ಬಿಸಿಲ ನಾಡಿನವರು ಹೆಚ್ಚು ಮಸಾಲೆ ಬಳಸುವುದು ಆಹಾರದ ರೋಗಾಣುಗಳನ್ನು ತಡೆಯಲೆಂದೇ ಎಂಬ ವಾದವನ್ನು ಮಂಡಿಸಿದರು. ವಾದ ಬಹು ಪ್ರಸಿದ್ಧವಾಯಿತು. ೨೦೨೧ರಲ್ಲಿ ಆಸ್ಟ್ರೇಲಿಯಾದ ಬ್ರೋಮ್‌ಹ್ಯಾಮ್ ಮತ್ತು ಸಂಗಡಿಗರು ೩೩ ಸಾವಿರಕ್ಕೂ ಹೆಚ್ಚು ಅಡುಗೆಯ ಕ್ರಮಗಳನ್ನು ಪರೀಕ್ಷಿಸಿ, ಆ ವಾದಕ್ಕೆ ಬೇಕಾದಷ್ಟು ಆಧಾರವಿಲ್ಲವೆಂದು ತೋರಿಸಿದರು. ನಮ್ಮ ಕಾಳುಮೆಣಸಿನ ಬಗೆಗೂ ಇಂಥ ಒಂದು ಕಥೆ ಪ್ರಚಾರದಲ್ಲಿದೆ. ೧೬೨೩ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಪೋರ್ಚುಗೀಸರ ರಾಯಭಾರಿಯೊಡನೆ ಇಕ್ಕೇರಿಗೆ ಬಂದಾಗ ವೆಂಕಟಪ್ಪನಾಯಕನ ಬಳಿ ನಡೆದ ಮಾತುಕತೆಯಲ್ಲಿ ಮೆಣಸಿನ ವ್ಯಾಪಾರವೂ ಸೇರಿತ್ತು. ಯೂರೋಪಿನವರು ಮಾಂಸ ಕೆಡದಿರಲೆಂದು ಮೆಣಸನ್ನು ಕೊಳ್ಳುತ್ತಿದ್ದರೆಂದು ಬಹುಕಾಲ ಬರೆದರು. ಇತಿಹಾಸಕಾರರು ಈಗ ಅದನ್ನೊಪ್ಪುವುದಿಲ್ಲ. ದುಬಾರಿಯಾದ ಮೆಣಸು ರುಚಿಗೆ; ಕಾಯಲು ಅವರಿಗೂ ಇದ್ದುದು ಅಗ್ಗದ ಉಪ್ಪೇ.

‘ನೈಸರ್ಗಿಕ’ ಎಂಬ ಚೀಟಿ

ಆ ತಾಯಂದಿರು ತಮ್ಮ ಡಬ್ಬಿಯ ಮೇಲೆ ‘ರಾಸಾಯನಿಕರಹಿತ’ ಎಂದು ಅಚ್ಚು ಹಾಕಿಸಬೇಕೆಂದಿದ್ದರು. ಇದರ ಬಗೆಗೂ ಒಂದು ವಿಚಾರ. ಅಂಗಡಿಯ ಹಣ್ಣಿನ ಪಾನಕಗಳಲ್ಲಿ ಬಳಸುವ ಸೋಡಿಯಂ ಬೆಂಜೊಯೇಟ್‌ನ ಮೂಲವಾದ ಬೆಂಜೊಯಿಕ್ ಆಮ್ಲಕ್ಕೆ ಆ ಹೆಸರು ಬಂದುದು ಬೆಂಜೊಯಿನ್ ಎಂಬ ಮರದ ಅಂಟಿನಿಂದ. ಧೂಪಕ್ಕೆ ಹಾಕುವ ಲೋಬಾನ ಅದೇ ಜಾತಿಯದು. ಸಾರ್ಬಿಕ್ ಆಮ್ಲವನ್ನು ೧೯ನೆಯ ಶತಮಾನದಲ್ಲಿ ಮೊದಲು ಪಡೆದುದೂ ಒಂದು ಕಾಡುಹಣ್ಣಿನಿಂದಲೇ. ಇಂದು ಇವೆರಡನ್ನೂ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ಲವಂಗದ ಯೂಜಿನಾಲ್ ಕೂಡ ರಾಸಾಯನಿಕವೇ. ಕಾನೂನು ಹೇಳಿದ ಮಿತಿಯೊಳಗೆ ಪರೀಕ್ಷೆಗೊಳಪಟ್ಟ ವಸ್ತುವೆ, ಅಳತೆಯೇನು, ಯಾರಿಗೆ ಹೊಂದದು ಎಂದು ಕೇಳುವುದು ವಿವೇಕ. ಗಿಡದ್ದೊ ಕಾರ್ಖಾನೆಯದ್ದೊ ಎಂದಷ್ಟೇ ಕೇಳಿ ನಿಲ್ಲುವುದು ಅರ್ಧ ವಿಚಾರ.

ನಮ್ಮ ಜಿಲ್ಲೆಯ ಅಡಿಕೆಯೇ ಇದಕ್ಕೆ ಈಚಿನ ನಿದರ್ಶನವನ್ನೊದಗಿಸಿದೆ. ಅಡಿಕೆಯ ಹಾಳೆಯಿಂದ ಮಾಡಿದ ತಟ್ಟೆಗಳು ಪ್ಲಾಸ್ಟಿಕ್ಕಿಗೆ ಬದಲಾಗಿ ಬಂದ ಒಳ್ಳೆಯ ವಸ್ತುಗಳೆಂದು ದೇಶವಿದೇಶಗಳಿಗೆ ಹೋದವು. ೨೦೨೫ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯು, ಅಡಿಕೆ ಮರದ ಕ್ಷಾರವಸ್ತುಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣ ಕೊಟ್ಟು ಅವುಗಳ ಆಮದಿಗೆ ತಡೆಯೊಡ್ಡಿತು. ಮಲೆನಾಡಿನ ಸಣ್ಣ ಉದ್ಯಮಗಳಿಗೆ ಇದು ಪೆಟ್ಟೇ ಸರಿ. ಇದಕ್ಕೆ ಉತ್ತರ ಕೋಪವಲ್ಲ, ಪರೀಕ್ಷೆ. ನಮ್ಮದೆಂಬ ಅಭಿಮಾನ, ಹಸಿರೆಂಬ ಹೆಸರು ಇವು ಪರೀಕ್ಷೆಯ ಪತ್ರಕ್ಕೆ ಸಮವಾಗಲಾರವು.

ದಾಸೋಹದ ಅನ್ನ

ಮನೆಯ ಜಾಡಿಯಿಂದ ದಾಸೋಹದ ಹಂಡೆಗೆ ಬರೋಣ. ಶಿವಮೊಗ್ಗ, ಭದ್ರಾವತಿಗಳ ಕಲ್ಯಾಣಮಂಟಪಗಳಲ್ಲಿ, ಜಾತ್ರೆಗಳಲ್ಲಿ, ಮಠಗಳ ಪಂಕ್ತಿಗಳಲ್ಲಿ ಸಾವಿರಾರು ಜನ ಒಂದೇ ಹೊತ್ತಿಗೆ ಉಣ್ಣುತ್ತಾರೆ. ಇಲ್ಲಿ ಹೆಚ್ಚು ಜಾಗರೂಕತೆ ಬೇಕಾದುದು ಉಪ್ಪಿನಕಾಯಿಯ ಬಗೆಗಲ್ಲ, ಅನ್ನದ ಬಗೆಗೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುವುದುಂಟು. ಕುದಿಯುವ ನೀರಿನಲ್ಲಿಯೂ ಅವು ಬದುಕುತ್ತವೆ. ಅನ್ನವನ್ನು ರಾಶಿಹಾಕಿ ಉಗುರುಬೆಚ್ಚಗೆ ಹೊತ್ತುಗಟ್ಟಲೆ ಬಿಟ್ಟರೆ ಅವು ಮೊಳೆತು ಬೆಳೆದು ವಾಂತಿ ಬರಿಸುವ ವಿಷವನ್ನು ಉಗುಳುತ್ತವೆ. ಆ ವಿಷ ಎಂಥದೆಂದರೆ, ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ.

ಬೆಳಗಿನ ಜಾವದಲ್ಲಿ ಕಲಸಿದ ಚಿತ್ರಾನ್ನವನ್ನು ಮಧ್ಯಾಹ್ನದ ಎರಡನೆಯ ಪಂಕ್ತಿಗೆ ಬಡಿಸುವಾಗ “ಅರಿಶಿನ ಹಾಕಿದೆ, ಏನೂ ಆಗುವುದಿಲ್ಲ” ಎಂಬ ಮಾತನ್ನು ನಾವು ಕೇಳಿದ್ದೇವೆ. ಅಷ್ಟು ಅರಿಶಿನ ಬಣ್ಣವನ್ನು ಕೊಟ್ಟೀತು, ಕಾವಲನ್ನು ಕೊಡಲಾರದು. ನಿಂಬೆಯ ಹುಳಿ ತುಸು ನೆರವಾದರೂ ಅದ‌ನ್ನು ನಂಬಿ ಕೂರುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಸುಲಭವಾಗಿದೆ: ಬೇಯಿಸಿದ ಆಹಾರವನ್ನು ೬೦ ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಯಲ್ಲಿಡಬೇಕು, ಇಲ್ಲವೆ ಬೇಗ ಆರಿಸಿ ೫ ಡಿಗ್ರಿಗಿಂತ ಕೆಳಗಿಡಬೇಕು, ಹೊರಗೆ ಹಾಗೆಯೇ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು. ಒಂದೇ ಹಂಡೆಗೆ ಎಲ್ಲವನ್ನೂ ಬೇಯಿಸುವುದಕ್ಕಿಂತ ಪಂಕ್ತಿಗೊಂದು ಬಾರಿ ಬೇಯಿಸುವುದು ಮೇಲು. ದೇಶದ ೨೦೦೬ರ ಆಹಾರ ಸುರಕ್ಷತೆಯ ಕಾಯಿದೆಯಡಿಯ ನಿಯಮಗಳು ಧಾರ್ಮಿಕ, ಸಾಮಾಜಿಕ ಸಮಾರಂಭಗಳಲ್ಲಿ ಆಹಾರ ಹಂಚುವವರನ್ನೂ ನೋಂದಣಿಯ ವ್ಯಾಪ್ತಿಗೆ ತಂದಿವೆ. ಇದನ್ನು ಸರ್ಕಾರದ ಕಿರುಕುಳವೆಂದೆಣಿಸದೆ ದಾಸೋಹದ ಶಿಸ್ತಿನ ಒಂದು ಭಾಗವೆಂದೆಣಿಸುವುದು ಲೇಸು.

ಕೇಳಿದ ಪ್ರಶ್ನೆಗೆ ಉತ್ತರ

ಹಾಗಾದರೆ ಭದ್ರಾವತಿಯ ತಾಯಂದಿರಿಗೆ ನಮ್ಮ ಉತ್ತರವೇನು? ಜಾಡಿಯ ಉಪ್ಪನ್ನು ಅರ್ಧ ಮಾಡಬೇಡಿ. ತಟ್ಟೆಯ ಉಪ್ಪಿನಕಾಯಿಯನ್ನು ಅರ್ಧ ಮಾಡಿ. ದಿನಕ್ಕೆ ಒಬ್ಬರಿಗೆ ೫ ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ ಅನ್ನದ ಬದಿಗೆ ಮುಟ್ಟಿಸಿಕೊಳ್ಳುವ ವಸ್ತು. ಪಲ್ಯದಂತೆ ಬಡಿಸುವ ವಸ್ತುವಲ್ಲ. ರಕ್ತದೊತ್ತಡವುಳ್ಳವರಿಗೆ ಉಪ್ಪು ಕಡಿಮೆಯ ಉಪ್ಪಿನಕಾಯಿ ಬೇಕೇ ಬೇಕೆಂದರೆ, ನಿಂಬೆರಸ ಹೆಚ್ಚು ಹಿಂಡಿ, ವಾರಕ್ಕೆ ಸಾಕಾಗುವಷ್ಟನ್ನೇ ಮಾಡಿ, ಫ್ರಿಜ್ಜಿನಲ್ಲಿಟ್ಟು ಮುಗಿಸಿ. ಒಂದು ಕಾವಲನ್ನು ತೆಗೆದರೆ ಅದರ ಜಾಗಕ್ಕೆ ಇನ್ನೊಂದನ್ನು ನಿಲ್ಲಿಸಲೇಬೇಕು.

ಮಾರುವವರ ಹೊಣೆ ಇನ್ನೂ ದೊಡ್ಡದು, ಏಕೆಂದರೆ ಕೊಂಡವರ ಮನೆಯಲ್ಲಿ ಆ ಜಾಡಿ ಎಲ್ಲಿರುತ್ತದೆ, ಯಾರ ಒದ್ದೆ ಕೈ ಅದನ್ನು ಮುಟ್ಟುತ್ತದೆ ಎಂಬುದು ಮಾಡಿದವರಿಗೆ ತಿಳಿಯದು. ಹೊಸ ಪ್ರಮಾಣವನ್ನು ರೂಢಿಸುವ ಮೊದಲು ಹುಳಿ, ಉಪ್ಪುಗಳ ಅಳತೆಯನ್ನು ಪರೀಕ್ಷೆ ಮಾಡಿಸಬೇಕು. ೧೯೫೦ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಪ್ರಾರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಇಂಥವರಿಗೆಂದೇ ಅಲ್ಪಾವಧಿಯ ತರಬೇತಿಗಳನ್ನು ನಡೆಸುತ್ತದೆ. ಶಿವಮೊಗ್ಗದಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವಿದೆ. ಜಿಲ್ಲೆಗೆ ಕೆಳದಿ ಶಿವಪ್ಪನಾಯಕನ ಹೆಸರಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೂ ಇದೆ. ಹೋಗಿ ಕೇಳಲು ಸಂಕೋಚ ಬೇಡ. ಮೇಲೆ ಬೂಷ್ಟು ಕಂಡ ಉಪ್ಪಿನಕಾಯಿಯಲ್ಲಿ ಬೂಷ್ಟನ್ನಷ್ಟೇ ತೆಗೆದು ಉಳಿದುದನ್ನು ಬಳಸುವ ಅಭ್ಯಾಸವನ್ನೂ ಬಿಡಬೇಕು. ಸಾಂಬಾರ ದ್ರವ್ಯವು ಬೂಷ್ಟು ಬಾರದಂತೆ ತಡೆದೀತು. ಬಂದ ಬೂಷ್ಟು ಉಗುಳಿದ ವಿಷವನ್ನು ಮರಳಿ ಹೀರಲಾರದು.

ಡಬ್ಬಿಯ ಮೇಲೆ ‘ರಾಸಾಯನಿಕರಹಿತ’ ಎಂಬುದರ ಬದಲು ಮಾಡಿದ ದಿನ, ಹಾಕಿದ ವಸ್ತುಗಳು, ಎಷ್ಟು ದಿನದೊಳಗೆ ಬಳಸಬೇಕು, ತೆರೆದ ಮೇಲೆ ಹೇಗಿಡಬೇಕು ಎಂಬುದನ್ನು ಬರೆಯಿಸಿ. ಸತ್ಯ ಶುದ್ಧ ಕಾಯಕವೆಂದು ಶರಣರು ಹೇಳಿದುದರಲ್ಲಿ ಅಳತೆಯ ಸತ್ಯವೂ ಸೇರಿದೆ, ಚೀಟಿಯ ಸತ್ಯವೂ ಸೇರಿದೆ.

ನಮ್ಮ ಹಿರಿಯ ತಾಯಂದಿರು ಅಲಿಸಿನ್, ಯೂಜಿನಾಲ್‌ಗಳ ಹೆಸರನ್ನು ಕೇಳಿದವರಲ್ಲ. ಆದರೆ ಒದ್ದೆ ಸೌಟನ್ನು ಜಾಡಿಗಿಳಿಸಿದ ಮಕ್ಕಳನ್ನು ಗದರಿಸದೆ ಬಿಟ್ಟವರೂ ಅಲ್ಲ. ಅವರು ಯಾವುದೋ ಒಂದು ದಿವ್ಯವಸ್ತುವನ್ನು ನಂಬಿ ನಿಶ್ಚಿಂತರಾಗಿರಲಿಲ್ಲ. ಕೊಯ್ಯುವ ಕೈಯಿಂದ ಬಡಿಸುವ ಕೈಯವರೆಗೆ ಎಚ್ಚರವಾಗಿದ್ದರು. ಅವರಿಂದ ಅರಿಶಿನ ಸಾಸಿವೆಗಳನ್ನು ಪಡೆದ ನಾವು ಆ ಎಚ್ಚರವನ್ನೂ ಪಡೆಯಬೇಕು. ಎಚ್ಚರದಿಂದ ಸಿದ್ಧಪಡಿಸಿದ ಪದಾರ್ಥವೇ ಲಿಂಗಕ್ಕೆ ಸಲ್ಲತಕ್ಕದ್ದು.